ಕರಗಿಸುವ ಊರಿನಲ್ಲಿ ಪುಡಿಯ ಲೆಕ್ಕ

ಮಳೆಗಾಲ ಮುಗಿಯುವ ಹೊತ್ತಿಗೆ ತೋಟದ ಕಳೆ ಹೊಡೆಸೋಣ ಅಂತ ವೀಡ್ ಕಟರ್‌ಗೆ ಹೊಸ ಬ್ಲೇಡು ತಂದಿದ್ದೆ. ತಟ್ಟೆಯಂಥ ಬ್ಲೇಡು, ಸುತ್ತ 40 ಹಲ್ಲು. ಪ್ರತಿ ಹಲ್ಲಿನ ತುದಿಗೂ ಬೂದು ಬಣ್ಣದ ಒಂದು ಚೂರು ಬೆಸುಗೆ ಹಾಕಿರುತ್ತಾರೆ. ಎರಡನೇ ದಿನವೇ ಅದು ಜಂಬಿಟ್ಟಿಗೆ ಕಲ್ಲಿಗೆ ತಾಗಿ ಮೂರು ಚೂರು ಹಾರಿಹೋದವು. ಅಂಗಡಿಗೆ ತಗೊಂಡು ಹೋದರೆ, "ಕಲ್ಲಿಗೆ ತಾಗಿಸಿದ್ರೆ ಗ್ಯಾರಂಟಿ ಇಲ್ಲ ಮಾರಾಯ್ರೆ" ಅಂದರು. ಮಲೆನಾಡಿನ ತೋಟದಲ್ಲಿ ಕಲ್ಲಿಗೆ ತಾಗಿಸದೆ ಕಳೆ ಹೊಡೆಯೋದು ಹೇಗೆ ಅಂತ ಮಾತ್ರ ಅವರು ಹೇಳಲಿಲ್ಲ.

ಹಾರಿದ ಚೂರುಗಳಲ್ಲಿ ಒಂದು ಬಸಿಗಾಲುವೆಯ ಅಂಚಿನಲ್ಲಿ ಸಿಕ್ಕಿತು. ತೊಗರಿಬೇಳೆಗಿಂತ ತುಸು ದೊಡ್ಡದು. ಅಂಗೈಯಲ್ಲಿಟ್ಟರೆ ಗಾತ್ರಕ್ಕೆ ಮೀರಿದ ಭಾರ. ಅಷ್ಟೇ ಗಾತ್ರದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ತೂಗುತ್ತದೆ. ಇದು ಟಂಗ್‌ಸ್ಟನ್ ಕಾರ್ಬೈಡ್. ಲೇತ್ ಮಷಿನ್ ಇರುವ ಯಾವ ವರ್ಕ್‌ಶಾಪ್‌ಗೆ ಹೋದರೂ ಇದಕ್ಕೆ 'ವಿಡಿಯಾ' ಅಂತಲೇ ಕರೆಯುತ್ತಾರೆ. ಅದು ಜರ್ಮನಿಯಿಂದ ಬಂದ ಹೆಸರು. 'ವಜ್ರದ ಹಾಗೆ' ಅನ್ನುವ ಅರ್ಥದ ಜರ್ಮನ್ ಮಾತನ್ನು ಕತ್ತರಿಸಿ ಕ್ರುಪ್ ಕಂಪನಿ 1926ರಲ್ಲಿ ಮಾರಾಟಕ್ಕೆ ಇಟ್ಟ ಹೆಸರು. 1964ರಲ್ಲಿ ಬೆಂಗಳೂರಿನಲ್ಲೂ ಆ ಹೆಸರಿನ ಕಂಪನಿ ಶುರುವಾಯಿತು. ಈಗ ಅದರ ಬೋರ್ಡ್ ಬದಲಾಗಿದೆ, ಆದರೆ ವರ್ಕ್‌ಶಾಪ್‌ನವರ ಬಾಯಲ್ಲಿ ವಿಡಿಯಾ ವಿಡಿಯಾನೇ.

ಈ ಚೂರನ್ನು ಯಾರೂ ಕರಗಿಸಿ ಎರಕ ಹೊಯ್ದಿಲ್ಲ. ಕಾರ್ಬೈಡ್ ಕರಗಬೇಕಾದರೆ 2,700 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಅಷ್ಟು ಕಾವು ತಡೆಯುವ ಮೂಸೆ ಎಲ್ಲಿಂದ ತರೋದು? ಹಾಗಾಗಿ ಕಾರ್ಬೈಡಿನ ನುಣ್ಣನೆ ಪುಡಿಗೆ ಸ್ವಲ್ಪ ಕೋಬಾಲ್ಟ್ ಪುಡಿ ಬೆರೆಸಿ, ಅಚ್ಚಿನಲ್ಲಿ ಒತ್ತಿ, 1,400 ಡಿಗ್ರಿ ಆಸುಪಾಸಿನಲ್ಲಿ ಬೇಯಿಸುತ್ತಾರೆ. ಕೋಬಾಲ್ಟ್ ಅಷ್ಟಕ್ಕೇ ಕರಗಿ ಕಾರ್ಬೈಡ್ ಕಣಗಳ ಸುತ್ತ ಹರಿದು ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಬರ್ಲಿನ್‌ನಲ್ಲಿ ಕಾರ್ಲ್ ಶ್ರೋಟರ್ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು 1923ರಲ್ಲಿ. ಬಲ್ಬಿನ ತಂತಿ ಎಳೆಯೋಕೆ ವಜ್ರದ ಅಚ್ಚು ದುಬಾರಿ ಆಗುತ್ತಿತ್ತು, ಅದಕ್ಕೆ ಬದಲಿ ಬೇಕಿತ್ತು, ಅಷ್ಟೇ.

1923 ಅಂದ ಕೂಡಲೇ ನಮ್ಮ ಕಡೆಯವರಿಗೆ ಬೇರೆಯೇ ನೆನಪಾಗುತ್ತದೆ. ಭದ್ರಾವತಿಯ ಕುಲುಮೆಯಲ್ಲಿ ಮೊದಲ ಕಬ್ಬಿಣ ಹರಿದದ್ದೂ ಅದೇ ವರ್ಷ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು. ಅಲ್ಲಿಂದ ನೂರು ವರ್ಷ ಶಿವಮೊಗ್ಗ ಜಿಲ್ಲೆ ಬದುಕಿದ್ದು ಕರಗಿಸುವ ವಿದ್ಯೆಯ ಮೇಲೆ. ಭದ್ರಾವತಿ ಕಾರ್ಖಾನೆ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ಒಂದಿಷ್ಟು ಭಾಗ ಮತ್ತೆ ಶುರುವಾಯಿತು. ಇತ್ತ ಮಾಚೇನಹಳ್ಳಿಯ ಫೌಂಡ್ರಿಗಳು ಟ್ರ್ಯಾಕ್ಟರ್‌ಗೂ ಪಂಪಿಗೂ ವಾಲ್ವಿಗೂ ಎರಕ ಹೊಯ್ಯುತ್ತಲೇ ಇವೆ. ಈಗ ಎಲ್ಲ ಕಡೆ ಪೌಡರ್ ಮೆಟಲರ್ಜಿ (ಲೋಹದ ಪುಡಿಯನ್ನು ಒತ್ತಿ ಬೇಯಿಸುವ ವಿದ್ಯೆ), ಅಡ್ವಾನ್ಸ್‌ಡ್ ಸೆರಾಮಿಕ್ಸ್ ಅನ್ನುವ ಮಾತು ಕೇಳುತ್ತಿದೆ. ಕರಗಿಸೋ ಊರಿಗೆ ಇದರಿಂದ ಭಯವೋ, ಲಾಭವೋ? ನನ್ನ ಪ್ರಕಾರ ಎರಡನ್ನೂ ಜನ ಜಾಸ್ತಿ ಮಾಡಿ ಹೇಳುತ್ತಿದ್ದಾರೆ.

ಮೊದಲು ಪುಡಿ ಗಟ್ಟಿಯಾಗುವುದು ಹೇಗೆ ಅಂತ ನೋಡೋಣ. ಆಗುಂಬೆ ಕಡೆಯ ಯಾವ ಮನೆಯಲ್ಲಾದರೂ ಆಷಾಢದಲ್ಲಿ ಸಕ್ಕರೆ ಡಬ್ಬಿ ತೆಗೆದು ನೋಡಿ. ಚಮಚ ಇಳಿಯುವುದಿಲ್ಲ. ಸಕ್ಕರೆ ಕರಗಿ ಪಾಕ ಆಗಿಲ್ಲ, ಹರಳು ಹರಳಾಗಿಯೇ ಇದೆ. ಆದರೆ ಹರಳಿಗೂ ಹರಳಿಗೂ ನಡುವೆ, ತಾಗುವ ಜಾಗದಲ್ಲಿ, ಒಂದು ಸಣ್ಣ ಕತ್ತು ಬೆಳೆದಿದೆ. ಸಕ್ಕರೆಯಲ್ಲಿ ಆ ಕೆಲಸ ಮಾಡುವುದು ತೇವ. ಲೋಹದ ಪುಡಿಯಲ್ಲಿ ಮಾಡುವುದು ಕಾವು. ಕಬ್ಬಿಣ ಕರಗುವುದು 1,538 ಡಿಗ್ರಿಗೆ. ಒತ್ತಿದ ಕಬ್ಬಿಣದ ಪುಡಿಯನ್ನು 1,120 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ ಸಾಕು, ಪರಮಾಣುಗಳು ಕಣದಿಂದ ಕಣಕ್ಕೆ ಜರುಗಿ ಕತ್ತು ದಪ್ಪವಾಗುತ್ತದೆ. ಇದಕ್ಕೇ ಸಿಂಟರಿಂಗ್ ಅನ್ನುವುದು. ಗಾಳಿ ತಾಗಿದರೆ ತುಕ್ಕು ಹಿಡಿಯುತ್ತದೆ, ಅದಕ್ಕೆ ಒಲೆಯೊಳಗೆ ನೈಟ್ರೋಜನ್ ಮತ್ತು ಹೈಡ್ರೋಜನ್ ಬಿಡುತ್ತಾರೆ.

ಇಷ್ಟೆಲ್ಲ ಕಷ್ಟ ಯಾಕೆ? ಕೆಲವು ಲೋಹ ಕರಗಿಸುವುದೇ ಕಷ್ಟ, ಕೆಲವು ಜೋಡಿ ಕರಗಿಸಿದರೆ ಬೆರೆಯುವುದಿಲ್ಲ. ಇನ್ನೊಂದು ಕಾರಣ ನನಗೆ ಹೆಚ್ಚು ಇಷ್ಟ. ಕೆಲವೊಮ್ಮೆ ನಮಗೆ ಬೇಕಾಗಿರುವುದೇ ತೂತು.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಫ್ಯಾನ್ ರಿಪೇರಿ ಮಾಡುವ ಒಂದು ಪುಟ್ಟ ಅಂಗಡಿ ಇದೆ. ಟೇಬಲ್ ಫ್ಯಾನ್ ತಗೊಂಡು ಹೋದರೆ ಅವರು ರೆಕ್ಕೆ ಅಲ್ಲಾಡಿಸಿ ನೋಡಿ "ಬುಷ್ ಹೋಗಿದೆ" ಅನ್ನುತ್ತಾರೆ. ಆ ಬುಷ್ ಹಿತ್ತಾಳೆ ಥರ ಕಾಣುವ ಒಂದು ಉಂಗುರ. ತಾಮ್ರ 90 ಭಾಗ, ತವರ 10 ಭಾಗ, ಪುಡಿಯಾಗಿ ಒತ್ತಿ ಬೇಯಿಸಿದ್ದು. ಅದರ ಗಾತ್ರದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಬರೀ ಸೂಕ್ಷ್ಮ ರಂಧ್ರ. ಅದರೊಳಗೆ ಎಣ್ಣೆ ತುಂಬಿಸಿರುತ್ತಾರೆ. ಫ್ಯಾನ್ ತಿರುಗಿ ಬಿಸಿಯಾದಾಗ ಎಣ್ಣೆ ಹೊರಗೆ ಒಸರುತ್ತದೆ, ನಿಂತು ತಣ್ಣಗಾದಾಗ ಬತ್ತಿ ಎಳೆದುಕೊಂಡ ಹಾಗೆ ಒಳಗೆ ಹೋಗುತ್ತದೆ. ಹೊಸ ಬುಷ್ಷನ್ನು ಬೆಂಕಿಪೊಟ್ಟಣದ ಕಡ್ಡಿಯಿಂದ ತುಸು ಬಿಸಿ ಮಾಡಿ ತೋರಿಸಿದರು. ಮೈಮೇಲೆ ಬೆವರಿನ ಹಾಗೆ ಎಣ್ಣೆ ಹನಿ ಮೂಡಿತು. ಎರಕದಲ್ಲಿ ತೂತು ಬಂದರೆ ಮಾಲು ವಾಪಸ್. ಇಲ್ಲಿ ತೂತಿಗೇ ದುಡ್ಡು.

ಸೆರಾಮಿಕ್ ಅಂದರೆ ನಮಗೆ ಮೊದಲು ನೆನಪಾಗುವುದು ಮಂಗಳೂರು ಹೆಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಶುರು ಮಾಡಿದ ಆ ಹೆಂಚು ಘಟ್ಟ ಹತ್ತಿ ಬಂದು ನಮ್ಮ ಮಾಡಿನ ಮೇಲೆ ಕೂತಿತು. ಹೆಂಚಿನ ಮಣ್ಣಿನಲ್ಲೇ ಕಬ್ಬಿಣ, ಪೊಟ್ಯಾಷ್ ಎಲ್ಲ ಇರುವುದರಿಂದ ಬೇಯುವಾಗ ಅವು ಗಾಜಿನಂತೆ ಕರಗಿ ಕಣಗಳನ್ನು ಅಂಟಿಸುತ್ತವೆ. ಕಡಿಮೆ ಕಾವಿಗೇ ಕೆಲಸ ಆಗುತ್ತದೆ. ಅಡ್ವಾನ್ಸ್‌ಡ್ ಸೆರಾಮಿಕ್‌ನಲ್ಲಿ ಆ ಅಂಟು ಬೇಡ. ಬೈಕಿನ ಸ್ಪಾರ್ಕ್ ಪ್ಲಗ್ಗಿನ ಬಿಳಿ ಭಾಗ ಬಹುಪಾಲು ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್. ಕಣ ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಆಸುಪಾಸು, ಬೇಯುವುದು 1,600 ಡಿಗ್ರಿ ಹತ್ತಿರ. ಬೇಯುವಾಗ ಉದ್ದದಲ್ಲೇ ನೂರಕ್ಕೆ 15ರಿಂದ 20ರಷ್ಟು ಕುಗ್ಗುತ್ತದೆ. ಹಲ್ಲಿನ ಡಾಕ್ಟರು ಹಾಕುವ ಜಿರ್ಕೋನಿಯಾ ಕ್ಯಾಪ್‌ನ ಕಥೆಯೂ ಇದೇ. ಅದನ್ನು ಮೊದಲು ದೊಡ್ಡದಾಗಿ ಕೆತ್ತಿ, ಬೇಯಿಸಿ, ಬಾಯಿಗೆ ಸರಿಹೊಂದುವ ಅಳತೆಗೆ ಕುಗ್ಗಿಸುತ್ತಾರೆ. ಪುಡಿ ಎಲ್ಲ ಕಡೆ ಒಂದೇ ಸಮ ತುಂಬಿಲ್ಲ ಅಂದರೆ ಒಂದು ಕಡೆ ಜಾಸ್ತಿ ಕುಗ್ಗಿ ಸೊಟ್ಟ ಆಗುತ್ತದೆ. ಈ ಸಂಶೋಧನೆಯ ಮುಕ್ಕಾಲು ತಲೆನೋವು ಇಷ್ಟೇ: ಪುಡಿ ಸಮನಾಗಿ ಕೂರಬೇಕು.

ದೊಡ್ಡ ಮಟ್ಟದಲ್ಲಿ ಇದು ನಡೆಯುವುದನ್ನು ನೋಡಬೇಕಾದರೆ ಘಟ್ಟದ ಕಾಡಿನ ನಡುವೆ ಇರುವ ಕೈಗಾ ನೆನೆಸಿಕೊಳ್ಳಿ. ಅಲ್ಲಿನ ರಿಯಾಕ್ಟರಿಗೆ ಹಾಕುವ ಯುರೇನಿಯಂ ಕೂಡ ಪುಡಿ ಒತ್ತಿ ಬೇಯಿಸಿದ ಸೆರಾಮಿಕ್ ಬಿಲ್ಲೆಯೇ. ಹೈದರಾಬಾದಿನ ನ್ಯೂಕ್ಲಿಯರ್ ಫ್ಯೂಯೆಲ್ ಕಾಂಪ್ಲೆಕ್ಸ್‌ನಲ್ಲಿ 1,700 ಡಿಗ್ರಿ ಹತ್ತಿರ, ಹೈಡ್ರೋಜನ್ ಒಲೆಯಲ್ಲಿ ಬೇಯುತ್ತದೆ. ಕೈಗಾದ ಮೊದಲ ಘಟಕ 2018ರ ಕೊನೆಯ ದಿನದವರೆಗೆ ಎಡೆಬಿಡದೆ 962 ದಿನ ಓಡಿ ಆಗಿನ ವಿಶ್ವದಾಖಲೆ ಬರೆಯಿತು. ಅಷ್ಟೂ ದಿನ ಕಾವು ಕೊಟ್ಟದ್ದು ಈ ಬಿಲ್ಲೆಗಳು.

ಈಗ ಶಿವಮೊಗ್ಗಕ್ಕೆ ಬರೋಣ. ಇಲ್ಲಿಗೆ ಸಿಂಟರಿಂಗ್ ಹೊಸ ಪದ ಅಂತ ಯಾರಾದರೂ ಹೇಳಿದರೆ ಅವರನ್ನು ಭಾನುವಾರ ಯಾವುದಾದರೂ ಫೌಂಡ್ರಿಗೆ ಕರೆದುಕೊಂಡು ಹೋಗಬೇಕು. ಪರಿಚಯದವರೊಬ್ಬರು ಮೆಲ್ಟಿಂಗ್ ಸೂಪರ್‌ವೈಸರ್. ಅವರ ಜೊತೆ ಒಂದು ಭಾನುವಾರ ಇಡೀ ಕಳೆದಿದ್ದೆ. ಅವತ್ತು ಇಂಡಕ್ಷನ್ ಫರ್ನೇಸಿಗೆ, ಅಂದರೆ ಕರೆಂಟಿನಿಂದ ಕಬ್ಬಿಣ ಕರಗಿಸುವ ಕುಲುಮೆಗೆ, ಹೊಸ ಲೈನಿಂಗ್ (ಒಳಗೋಡೆ).

ಹಳೇ ಲೈನಿಂಗ್ ಒಡೆದು ತೆಗೆದಿದ್ದರು. ತಾಮ್ರದ ಕಾಯಿಲ್‌ಗೆ ಒಳಗಿನಿಂದ ಮೈಕಾ ಹಾಳೆ ಸುತ್ತಿ, ತಳಕ್ಕೆ ರ‍್ಯಾಮಿಂಗ್ ಮಾಸ್ ಸುರಿದು ಕುಟ್ಟಿದರು. ರ‍್ಯಾಮಿಂಗ್ ಮಾಸ್ ಅಂದರೆ ಮತ್ತೇನಲ್ಲ, ಬಿಳಿಕಲ್ಲಿನ ಪುಡಿ. ದಪ್ಪ, ಮಧ್ಯಮ, ನುಣ್ಣನೆ ಮೂರೂ ಗಾತ್ರ ಬೆರೆಸಿರುತ್ತಾರೆ, ನೂರಕ್ಕೆ ಒಂದರಷ್ಟು ಬೋರಿಕ್ ಆಸಿಡ್ ಹಾಕಿರುತ್ತಾರೆ. ನಡುವೆ ಡ್ರಮ್ಮಿನಂಥ ಒಂದು ಉಕ್ಕಿನ ಫಾರ್ಮರ್ ಇಳಿಸಿ, ಸುತ್ತಲಿನ ಸಂದಿಗೆ ಪುಡಿಯನ್ನು ಪದರ ಪದರವಾಗಿ ಹಾಕಿದರು. ಉದ್ದ ಮುಳ್ಳಿನ ಕಡ್ಡಿಯಿಂದ ಚುಚ್ಚಿ ಚುಚ್ಚಿ ಗಾಳಿ ಬಿಡಿಸುತ್ತಿದ್ದ ಹುಡುಗನಿಗೆ ಸೂಪರ್‌ವೈಸರ್ ಹೇಳಿದ್ದು ಒಂದೇ ಮಾತು: "ಅರ್ಜೆಂಟ್ ಮಾಡ್ಬೇಡ ತಮ್ಮಾ, ಇಲ್ಲಿ ಬಿಟ್ಟಿದ್ದು ನಾಳೆ ಕಾಯಿಲ್ ಹತ್ರ ಸಿಗುತ್ತೆ."

ಆಮೇಲೆ ನಿಧಾನವಾಗಿ ಕಾಯಿಸುವುದು. ಬೋರಿಕ್ ಆಸಿಡ್ ನೀರು ಬಿಟ್ಟು ಗಾಜಿನಂತಾಗಿ ಕಣಗಳನ್ನು ಹಿಡಿಯುತ್ತದೆ. 573 ಡಿಗ್ರಿಯಲ್ಲಿ ಬಿಳಿಕಲ್ಲಿನ ಹರಳು ರೂಪ ಬದಲಿಸಿ ತಟ್ಟನೆ ಹಿಗ್ಗುತ್ತದೆ. ಆಗ ಅವಸರ ಮಾಡಿದರೆ ಬಿರುಕು. ಕೊನೆಗೆ ಒಳಗಿನ ಸ್ಕ್ರ್ಯಾಪ್ ಕರಗಿ, ಫಾರ್ಮರೂ ಅದರ ಜೊತೆಗೇ ಕರಗಿಹೋಗಿ, ಕಾವು 1,600 ಹತ್ತಿರ ಹೋಗಿ ಅಲ್ಲೇ ಗಂಟೆಗಟ್ಟಲೆ ನಿಲ್ಲಬೇಕು. ಇದಕ್ಕೆ ಅವರು 'ಸಿಂಟರಿಂಗ್ ಹೀಟ್' ಅಂತಲೇ ಅನ್ನುತ್ತಾರೆ. ಇಷ್ಟಾದ ಮೇಲೆ ಲೈನಿಂಗ್ ಮೂರು ಪದರ ಆಗಿರುತ್ತದೆ. ಕಬ್ಬಿಣದ ಕಡೆ ಕಲ್ಲಿನಂತೆ ಗಟ್ಟಿ, ನಡುವೆ ಅರೆಬೆಂದದ್ದು, ಕಾಯಿಲ್ ಕಡೆ ಇನ್ನೂ ಉದುರು ಪುಡಿ. ಆ ಉದುರು ಪುಡಿ ಇರಲೇಬೇಕು. ಮುಂದೆ ಎಲ್ಲಾದರೂ ಸೀಳು ಬಿಟ್ಟರೆ ಕರಗಿದ ಕಬ್ಬಿಣ ಅಲ್ಲಿಗೆ ಬಂದು ತಡೆಯುವುದು ಅದರಿಂದಲೇ. ಅದನ್ನೂ ದಾಟಿ ನೀರು ಹರಿಯುವ ಕಾಯಿಲ್ ಮುಟ್ಟಿದರೆ ಸ್ಫೋಟ.

ಮಳೆಗಾಲದಲ್ಲಿ ಇದೇ ಕೆಲಸ ಎರಡು ಪಟ್ಟು ಕಷ್ಟ. ಪುಡಿ ತೇವ ಎಳೆಯುತ್ತದೆ, ಸರಾಗವಾಗಿ ಇಳಿಯುವುದಿಲ್ಲ. ನೋಡಿ, ಕಣದ ಗಾತ್ರ, ಪುಡಿ ಕೂರುವ ರೀತಿ, ಅಂಟು, ಕಾವಿನ ಏರಿಕೆ, ತೇವ. ಸೆರಾಮಿಕ್ ಇಂಜಿನಿಯರು ಓದುವ ಪಾಠಗಳೆಲ್ಲ ಈ ಒಂದು ಭಾನುವಾರದಲ್ಲಿ ಬಂದುಹೋದವು. ಅದಕ್ಕೆ ಸರ್ಟಿಫಿಕೇಟ್ ಇಲ್ಲ ಅಷ್ಟೇ. ಹಾಗೆಯೇ ಮೂಗಿಗೆ ಕಟ್ಟಿಕೊಂಡದ್ದು ಬರೀ ಕರ್ಚೀಫು. ಬಿಳಿಕಲ್ಲಿನ ಪುಡಿ ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್, ಅದಕ್ಕೆ ವಾಸಿಯಾಗುವ ಮದ್ದಿಲ್ಲ. ಕಾರ್ಬೈಡ್ ಮತ್ತು ಕೋಬಾಲ್ಟ್ ಪುಡಿಗೂ ಅದರದ್ದೇ ಶ್ವಾಸಕೋಶದ ಕಾಯಿಲೆ ಇದೆ. ಪುಡಿ ಉದ್ಯಮ ತರೋಣ ಅನ್ನುವವರು ಮೊದಲು ಮಾಸ್ಕ್ ತರಲಿ.

ಹಾಗಾದರೆ ಫೌಂಡ್ರಿಗಳೆಲ್ಲ ಪೌಡರ್ ಮೆಟಲರ್ಜಿಗೆ ಇಳಿಯಬಹುದಾ? ಇಲ್ಲಿ ಲೆಕ್ಕ ಹಾಕಬೇಕು. ಕಬ್ಬಿಣದ ಪುಡಿಯನ್ನು ಒತ್ತಲು ಒಂದು ಚದರ ಮಿಲಿಮೀಟರಿಗೆ 600 ನ್ಯೂಟನ್ ಬೇಕು ಅಂತಿಟ್ಟುಕೊಳ್ಳಿ. ಹತ್ತು ಚದರ ಸೆಂಟಿಮೀಟರ್ ಅಗಲದ ಪುಟ್ಟ ಗೇರಿಗೇ 60 ಟನ್ ಪ್ರೆಸ್ ಆಯಿತು. ಅಂಗೈ ಅಗಲ, ಅಂದರೆ 50 ಚದರ ಸೆಂಟಿಮೀಟರ್ ಆದರೆ 300 ಟನ್. ಅದಕ್ಕೇ ಈ ದಾರಿಯಲ್ಲಿ ಬರುವ ಭಾಗಗಳು ಸಾಮಾನ್ಯವಾಗಿ ಅಂಗೈಯಲ್ಲಿ ಹಿಡಿಯುವಂಥವು. ಟ್ರ್ಯಾಕ್ಟರಿನ ಹೌಸಿಂಗ್ ಹೀಗೆ ಮಾಡಲು ಸಾಧ್ಯವೇ ಇಲ್ಲ. ಜೊತೆಗೆ ಪ್ರತಿ ಭಾಗಕ್ಕೂ ಕಾರ್ಬೈಡಿನ ದುಬಾರಿ ಡೈ (ಒತ್ತುವ ಅಚ್ಚು) ಬೇಕು. ಒಂದೇ ಭಾಗದ ಆರ್ಡರ್ ಲಕ್ಷಗಟ್ಟಲೆ ಬಂದರೆ ಮಾತ್ರ ಆ ಖರ್ಚು ಹುಟ್ಟುತ್ತದೆ. ನಮ್ಮ ಸಣ್ಣ ಫೌಂಡ್ರಿ ಬದುಕುವುದು ಇದಕ್ಕೆ ಉಲ್ಟಾ. ಐವತ್ತು ಪೀಸು, ಇನ್ನೂರು ಪೀಸು, ಪ್ಯಾಟರ್ನ್ ಬದಲಿಸು, ಮುಂದಿನದ್ದು ಹೊಯ್ಯಿ. ಇಬ್ಬರೂ ಬೇರೆ ಬೇರೆ ಸಂತೆಯ ವ್ಯಾಪಾರಿಗಳು.

ಆ ಸಂತೆಯಲ್ಲೂ ಈಗ ಗಲಿಬಿಲಿ. ಪುಡಿಯಿಂದ ಮಾಡಿದ ಕಬ್ಬಿಣದ ಭಾಗಗಳ ದೊಡ್ಡ ಗಿರಾಕಿ ವಾಹನಗಳೇ. ಆಯಿಲ್ ಪಂಪ್ ಗೇರು, ಕನೆಕ್ಟಿಂಗ್ ರಾಡ್, ವಾಲ್ವ್ ಸೀಟು. ಎಲೆಕ್ಟ್ರಿಕ್ ಗಾಡಿಯಲ್ಲಿ ಇಂಜಿನ್ನೇ ಇಲ್ಲ, ಇವಕ್ಕೂ ಜಾಗ ಇಲ್ಲ. ಬದಲಿಗೆ ಬಂದದ್ದು ಮೋಟರಿನ ಮ್ಯಾಗ್ನೆಟ್ಟು. ತಮಾಷೆ ಅಂದರೆ ಅದೂ ಪುಡಿಯದ್ದೇ ಮಾಲು. ನಿಯೋಡೈಮಿಯಂ, ಕಬ್ಬಿಣ, ಬೋರಾನ್ ಮಿಶ್ರಣವನ್ನು ಮೂರರಿಂದ ಐದು ಮೈಕ್ರಾನ್ ಪುಡಿ ಮಾಡಿ, ಕಾಂತಕ್ಷೇತ್ರದಲ್ಲಿಟ್ಟು ಒತ್ತಿ, ನಿರ್ವಾತದಲ್ಲಿ ಬೇಯಿಸುತ್ತಾರೆ. ಗಾಳಿ ತಾಗಿದರೆ ಆ ಪುಡಿ ಹೊತ್ತಿಕೊಳ್ಳುತ್ತದೆ. ಲೋಕದ ಈ ಮ್ಯಾಗ್ನೆಟ್‌ಗಳಲ್ಲಿ ಸುಮಾರು ನೂರಕ್ಕೆ 90 ಚೀನಾದಲ್ಲಿ ತಯಾರು. 2025ರ ಏಪ್ರಿಲ್‌ನಲ್ಲಿ ಅವರು ರಫ್ತಿಗೆ ಲಗಾಮು ಹಾಕಿದಾಗ ನಮ್ಮ ಗಾಡಿ ಕಂಪನಿಗಳು ಪರದಾಡಿದವು. ಅದೇ ವರ್ಷ ನವೆಂಬರ್‌ನಲ್ಲಿ ಕೇಂದ್ರ ಸಂಪುಟ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ವರ್ಷಕ್ಕೆ 6,000 ಟನ್ ಮ್ಯಾಗ್ನೆಟ್ ಗುರಿ, ಹಂಚಿಕೊಳ್ಳುವವರು ಐದೇ ಜನ. ಅದು ದೊಡ್ಡವರ ಊಟ. ಮಾಚೇನಹಳ್ಳಿಗೆ ಎಲೆ ಹಾಕುವುದಿಲ್ಲ.

ಟಂಗ್‌ಸ್ಟನ್ ಕಥೆಯೂ ಅದೇ. ಲೋಕದ ಟಂಗ್‌ಸ್ಟನ್‌ನಲ್ಲಿ ಐದರಲ್ಲಿ ನಾಲ್ಕು ಪಾಲು ಚೀನಾದ್ದು, 2025ರ ಫೆಬ್ರವರಿಯಲ್ಲಿ ಅದರ ರಫ್ತಿಗೂ ಲೈಸೆನ್ಸ್ ಬಂತು, ರೇಟು ಏರಿತು. ರಾಜಸ್ಥಾನದ ದೇಗಾನಾದಲ್ಲಿ ನಮ್ಮದೊಂದು ಗಣಿ ಇತ್ತು, ಅದು ನಿಂತು ಬಹಳ ಕಾಲವಾಯಿತು. ಬೋರ್‌ವೆಲ್ ಲಾರಿಯ ಬಿಟ್ ನೋಡಿದ್ದೀರಲ್ಲ, ಮುಖದ ತುಂಬ ಗುಂಡಿ ಗುಂಡಿ ಇರುತ್ತದೆ. ಆ ಗುಂಡಿಗಳೂ ಇದೇ ಕಾರ್ಬೈಡ್. ಬಂಡೆ ಸಿಕ್ಕಷ್ಟೂ ಸವೆಯುತ್ತದೆ, ಅಡಿ ಲೆಕ್ಕದ ರೇಟಿನಲ್ಲಿ ಅದೂ ಸೇರಿರುತ್ತದೆ.

ಇದನ್ನೆಲ್ಲ ನೋಡಿದರೆ ಶಿವಮೊಗ್ಗಕ್ಕೆ ಹೊಂದುವ ಕೆಲಸ ಬೇರೆಯೇ ಇದೆ ಅನ್ನಿಸುತ್ತದೆ. ಭದ್ರಾವತಿಯಲ್ಲಿ ಹೊಸದೇನಾದರೂ ಮಾಡಿ ಅನ್ನುವ ಮಾತು ಬಂದಾಗಲೆಲ್ಲ ಎಲ್ಲರ ಕಣ್ಣಿಗೂ ದೊಡ್ಡ ಕಾರ್ಖಾನೆಯೇ ಕಾಣುತ್ತದೆ. ನನಗೆ ಕಾಣುವುದು ಫೌಂಡ್ರಿಯೊಳಗೇ ಖರ್ಚಾಗುವ ಸೆರಾಮಿಕ್. ಕಬ್ಬಿಣ ಹೊಯ್ಯುವಾಗ ದಾರಿಯಲ್ಲಿ ಇಡುವ ಫೋಮ್ ಫಿಲ್ಟರ್ ತಗೊಳ್ಳಿ. ಸ್ಪಂಜಿನ ತುಂಡನ್ನು ಸಿಲಿಕಾನ್ ಕಾರ್ಬೈಡ್ ಗಂಜಿಯಲ್ಲಿ ಅದ್ದಿ ಸುಡುತ್ತಾರೆ. ಸ್ಪಂಜು ಉರಿದುಹೋಗಿ ಅದರ ಅಸ್ಥಿಪಂಜರ ಉಳಿಯುತ್ತದೆ. ಕಿಟ್ಟ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಲೋಹ ಶಾಂತವಾಗಿ ಇಳಿಯುತ್ತದೆ. ಒಂದು ಅಚ್ಚಿಗೆ ಒಂದು, ಆಮೇಲೆ ಎಸೆಯುವುದು. ದಿನಾ ಬೇಕು, ಗಿರಾಕಿ ಪಕ್ಕದ ಶೆಡ್ಡಿನಲ್ಲೇ ಇದ್ದಾನೆ, 300 ಟನ್ ಪ್ರೆಸ್ ಬೇಡ.

ಇನ್ನೊಂದು ಕೋಟಿಂಗ್. ಹೈದರಾಬಾದಿನಲ್ಲಿ 1997ರಿಂದ ಎ.ಆರ್.ಸಿ.ಐ. ಅಂತ ಪೌಡರ್ ಮೆಟಲರ್ಜಿ ಮತ್ತು ಹೊಸ ವಸ್ತುಗಳ ಸಂಶೋಧನಾ ಕೇಂದ್ರ ಇದೆ. ಅವರ ಡಿಟೋನೇಷನ್ ಸ್ಪ್ರೇ ವಿಧಾನದಲ್ಲಿ ಅನಿಲದ ಸಣ್ಣ ಸಣ್ಣ ಸ್ಫೋಟಗಳಿಂದ ಕಾರ್ಬೈಡ್ ಅಥವಾ ಅಲ್ಯೂಮಿನಾ ಪುಡಿಯನ್ನು ಸವೆದ ಶಾಫ್ಟು, ಸ್ಲೀವುಗಳ ಮೇಲೆ ಹೊಡೆದು ಕೂರಿಸುತ್ತಾರೆ. ಆ ತಂತ್ರಜ್ಞಾನವನ್ನು ಸಣ್ಣ ಉದ್ಯಮಿಗಳಿಗೇ ಕೊಟ್ಟಿದ್ದಾರೆ. ಪಂಪು, ವಾಲ್ವು ಹೊಯ್ಯುವ ಊರಿಗೆ ಇದು ಒಗ್ಗದೇ ಇರಲು ಕಾರಣ ಕಾಣುವುದಿಲ್ಲ.

ಪುಡಿ ಮಾಡುವ ವಿದ್ಯೆಯಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲ ಮತ್ತು ಅವರ ವಿದ್ಯಾರ್ಥಿ ಕಿಂಗ್ಸ್‌ಲಿ 1988ರಲ್ಲಿ ಪ್ರಕಟಿಸಿದ ವಿಧಾನ ಈಗ ಲೋಕವೆಲ್ಲ ಬಳಕೆಯಲ್ಲಿದೆ. ಅಲ್ಯೂಮಿನಿಯಂ ನೈಟ್ರೇಟ್ ಮತ್ತು ಯೂರಿಯಾ, ಹೌದು, ನಾವು ತೋಟಕ್ಕೆ ಹಾಕುವ ಯೂರಿಯಾವೇ, ಎರಡನ್ನೂ ನೀರಿನಲ್ಲಿ ಕರಗಿಸಿ 500 ಡಿಗ್ರಿ ಒಲೆಯಲ್ಲಿಡುತ್ತಾರೆ. ಕುದಿದು, ನೊರೆ ಬಂದು, ಹೊತ್ತಿಕೊಂಡು, ಐದೇ ನಿಮಿಷದಲ್ಲಿ ಬಟ್ಟಲು ತುಂಬ ಅಲ್ಯೂಮಿನಾದ ಬಿಳಿ ನೊರೆ. ಒಲೆ 500 ಡಿಗ್ರಿ ಇದ್ದರೂ ಜ್ವಾಲೆ ಅದಕ್ಕಿಂತ ಬಹಳ ಬಿಸಿ. ಖರ್ಚು ಕಡಿಮೆ ಆದ್ದರಿಂದ ಸಣ್ಣ ಊರಿನ ಕಾಲೇಜು ಲ್ಯಾಬಿನಲ್ಲೂ ಇದನ್ನು ಮಾಡಬಹುದು. ಆದರೆ ಲ್ಯಾಬಿನ ಪುಡಿ ಹತ್ತು ಗ್ರಾಂ, ಫೌಂಡ್ರಿ ಕೇಳುವುದು ಹತ್ತು ಕ್ವಿಂಟಲ್. ಶಂಕರಘಟ್ಟದ ವಿಶ್ವವಿದ್ಯಾಲಯದಿಂದ ಭದ್ರಾವತಿಯ ಕುಲುಮೆಗೆ ಬಸ್ಸಿನಲ್ಲಿ ಹೋಗಬಹುದು. ಎರಡೂ ಕಡೆಯವರನ್ನು ಒಂದೇ ಮೇಜಿಗೆ ಕೂರಿಸುವುದು ಮಾತ್ರ ಕಷ್ಟ. ಪಿಎಚ್‌ಡಿ ವಿಷಯ ಹುಡುಕುವ ಹುಡುಗರಿಗೆ ನನ್ನದೊಂದು ಸಲಹೆ: ಮಳೆಗಾಲದಲ್ಲಿ ಹಾಕಿದ ಲೈನಿಂಗ್ ಎಷ್ಟು ಹೀಟ್ (ಎಷ್ಟು ಸಲದ ಕರಗಿಸುವಿಕೆ) ಬಾಳುತ್ತದೆ, ಬೇಸಿಗೆಯದ್ದು ಎಷ್ಟು, ಯಾಕೆ, ಅದನ್ನು ಅಳೆಯಿರಿ. ನ್ಯಾನೋ ಅಂತ ಹೆಸರಿಲ್ಲದಿದ್ದರೂ ಓದುವವರು ಮಾಚೇನಹಳ್ಳಿಯಲ್ಲಿದ್ದಾರೆ.

ಕೊನೆಯದು ಗುಜರಿ. ಸವೆದ ಕಾರ್ಬೈಡನ್ನು ಕರಗಿದ ಸತುವಿನಲ್ಲಿ ಮುಳುಗಿಸಿದರೆ ಸತು ಕೋಬಾಲ್ಟಿನೊಳಗೆ ನುಗ್ಗಿ ಚೂರನ್ನು ಉಬ್ಬಿಸಿ ಸಡಿಲ ಮಾಡುತ್ತದೆ. ಆಮೇಲೆ ಸತುವನ್ನು ಆವಿ ಮಾಡಿ ತೆಗೆದರೆ ಮತ್ತೆ ಪುಡಿ ಸಿಗುತ್ತದೆ. ಗಣಿಯೇ ಇಲ್ಲದ ದೇಶಕ್ಕೆ ಇದೇ ಗಣಿ. ಜಿಲ್ಲೆಯ ಬೋರ್‌ವೆಲ್ ಬಿಟ್ಟುಗಳು, ಲೇತ್ ಟೂಲುಗಳು, ಸಾಮಿಲ್ಲಿನ ಗರಗಸದ ಹಲ್ಲುಗಳು, ಕಳೆ ಹೊಡೆಯುವ ಬ್ಲೇಡುಗಳು, ಎಲ್ಲ ಬೇರೆ ಮಾಡಿ ಕೂಡಿಸಿದರೆ ಸಾಕು, ಕೊಳ್ಳುವವರು ಇದ್ದಾರೆ.

ನಾನು ಹಲ್ಲುದುರಿದ ಬ್ಲೇಡನ್ನು ಗುಜರಿಗೆ ತಗೊಂಡು ಹೋಗಿದ್ದೆ. ಉಳಿದ 37 ಚೂರು ಅದರಲ್ಲೇ ಇದ್ದವು. ಅವರು ಸುಮ್ನೆ ತಕ್ಕಡಿಗೆ ಹಾಕಿ ಕಬ್ಬಿಣದ ರೇಟು ಹೇಳಿದರು. "ಇದರ ತುದಿ ವಿಡಿಯಾ ಅಲ್ವಾ, ಅದಕ್ಕೆ ಬೇರೆ ರೇಟಿಲ್ವಾ?" ಅಂತ ಕೇಳಿದೆ.

"ಕಿತ್ತು ತಂದ್ರೆ ನೋಡಣ ಬಿಡಿ ಸರ್," ಅಂದರು.

ಬ್ಲೇಡು ವಾಪಸ್ ಮನೆಗೆ ತಂದು ಅಟ್ಟದ ಮೇಲೆ ಇಟ್ಟಿದ್ದೇನೆ.